ತೊಂಬತ್ತೇಳನೇ ಪುಟ

ಸಿಸ್ಟರಮ್ಮ ಲೈಬ್ರರಿಯ ಕೌಂಟರ್ ದಾಟಿ, ‘ಒಳಗೆ ಪ್ರವೇಶವಿಲ್ಲ’ ಎಂಬ ಬೋರ್ಡನ್ನೂ ದಾಟಿ, ಸೀದಾ ಹಿಂದಿನ ಕೋಣೆಗೆ ಬಂದು ಗೋಂದಿನ ಡಬ್ಬದ ಪಕ್ಕ ಒಂದು ಪುಸ್ತಕ ಕುಕ್ಕಿದರು.

“ಇದನ್ನ ಹೊಲಿದಿದ್ದು ನೀವೇನಾ?”

ಬೈಂಡರಪ್ಪ ಹೊಲಿಯುತ್ತಿದ್ದ ಸೂಜಿ ಕೆಳಗಿಟ್ಟ. ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ವಾರ್ಡು ಆಳಿ ನಿವೃತ್ತರಾದ ಹೆಂಗಸು. ಡಾಕ್ಟರುಗಳೇ ಅವರೆದುರು ಕೈಕಟ್ಟಿ ನಿಲ್ಲುತ್ತಿದ್ದರಂತೆ. ವಾರಕ್ಕೆರಡು ಪತ್ತೇದಾರಿ ಕಾದಂಬರಿ ಒಯ್ಯುವರು, ಬೇರೆ ಕಪಾಟಿನ ಕಡೆ ತಿರುಗಿಯೂ ನೋಡಿದವರಲ್ಲ. ಹೋದ ತಿಂಗಳಷ್ಟೇ ಒಂದು ನಿಘಂಟಿಗೆ ತಲೆಕೆಳಗಾಗಿ ರಟ್ಟು ಕೂರಿಸಿದ್ದಕ್ಕೆ ಲೈಬ್ರರಿ ಮೇಡಂ ಖಡಾಖಂಡಿತವಾಗಿ ಹೇಳಿದ್ದರು: ಇನ್ನೊಂದು ತಪ್ಪು ಕಂಡರೆ ಹರಿದ ಪುಸ್ತಕಗಳೆಲ್ಲ ಮೆಷಿನ್ ಬೈಂಡಿಂಗಿಗೆ ಹೋಗುತ್ತವೆ, ನೀವು ಮನೆಗೆ ಹೋಗಬಹುದು. ಕಣ್ಣು ಮಂಜಾಗಿ ಎರಡು ವರ್ಷವಾಯಿತೆಂದು ಬೈಂಡರಪ್ಪ ಮೇಡಂಗಿರಲಿ, ಕಟ್ಟಿಕೊಂಡ ಹೆಂಡತಿಗೂ ಹೇಳಿರಲಿಲ್ಲ. ಈ ಕೆಲಸ ಬಿಟ್ಟರೆ ಅವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

“ಏನಾಯ್ತು ಸಿಸ್ಟರಮ್ಮ? ಹೊಲಿಗೆ ಬಿಟ್ಟಿದೆಯಾ?”

“ಹೊಲಿಗೆ ಗಟ್ಟಿಯಾಗೇ ಇದೆ. ಕೇಳಿ. ಸಾಹುಕಾರನಿಗೆ ಯಾರೋ ವಿಷ ಹಾಕಿದಾರೆ. ಇನ್ಸ್‌ಪೆಕ್ಟರು ಮನೆಯವರನ್ನೆಲ್ಲ ಹಾಲ್‌ನಲ್ಲಿ ಕೂರಿಸಿ, ಬಾಗಿಲು ಹಾಕಿ, ಕೊಲೆಗಾರ ಇಲ್ಲೇ ಇದಾನೆ ಅಂತಾನೆ. ಅಲ್ಲಿಗೆ ತೊಂಬತ್ತಾರನೇ ಪುಟ. ತಿರುಗಿಸಿದ್ರೆ, ‘ಗಂಡುಹಕ್ಕಿ ಹೆಣ್ಣಿಗಿಂತ ನಾಲ್ಕು ದಿನ ಮೊದಲೇ ಹೊರಡುತ್ತದೆ.’”

ಬೈಂಡರಪ್ಪನಿಗೆ ಎಲ್ಲವೂ ಅರ್ಥವಾಯಿತು. ಒಂದು ಕೊಲೆಯ ಕಾದಂಬರಿ, ಇನ್ನೊಂದು ಹಕ್ಕಿಗಳ ವಲಸೆಯ ಪುಸ್ತಕ. ಎರಡೂ ಒಂದೇ ಅಳತೆ, ಒಂದೇ ಮಾಸಲು ಕಾಗದ. ಒಂದೇ ದಿನ ಬಿಚ್ಚಿ, ಹದಿನಾರು ಪುಟಗಳ ಕಂತೆಗಳನ್ನು ಮೇಜಿನ ಮೇಲೆ ಹರವಿಕೊಂಡಿದ್ದ. ನಲವತ್ತು ವರ್ಷದಿಂದ ಅವನು ಪುಸ್ತಕ ಜೋಡಿಸುತ್ತಿದ್ದುದು ಪುಟದ ಅಂಕಿ ನೋಡಿಯೇ. ಓದು ಬರಹ ಬರುತ್ತಿದ್ದರೂ ಒಳಗಿನ ಅಕ್ಷರಕ್ಕೂ ಅವನಿಗೂ ಎಣ್ಣೆ ಸೀಗೇಕಾಯಿ ಸಂಬಂಧ. ಭೂತಗನ್ನಡಿ ಹಿಡಿದು ತೊಂಬತ್ತಾರಾದ ಮೇಲೆ ತೊಂಬತ್ತೇಳು ಬಂತೇ ಎಂದು ನೋಡಿದ್ದ. ಬಂದಿತ್ತು. ಸಾಹುಕಾರನ ತಲೆಗೆ ಹಕ್ಕಿಯ ಬಾಲ ಬಂದದ್ದು ಅಂಕಿಗೆ ಹೇಗೆ ಗೊತ್ತಾಗಬೇಕು?

“ಮೇಡಂಗೆ ಹೇಳಬೇಡಿ ಸಿಸ್ಟರಮ್ಮ,” ಎಂದು ಚಾಕು ಕೈಗೆತ್ತಿಕೊಂಡ. “ಈಗಲೇ ಬಿಚ್ಚಿಡ್ತೀನಿ. ಇದರ ಜೊತೇದು ವಾಪಸ್ ಬಂದ ತಕ್ಷಣ ಸರಿ ಮಾಡಿಕೊಡ್ತೀನಿ.”

ಸಿಸ್ಟರಮ್ಮ ಪುಸ್ತಕವನ್ನು ಎದೆಗವಚಿಕೊಂಡರು. “ಮುಟ್ಟಿದ್ರೆ ನೋಡಿ. ನಾನೇನು ದೂರು ಕೊಡೋಕೆ ಬಂದಿದೀನಾ?”

ಸ್ಟೂಲು ಎಳೆದುಕೊಂಡು ಕೂತರು. “ಹಕ್ಕಿ ಅಂದ್ರೆ ಪೊಲೀಸರ ಸಂಕೇತ ಅಂದ್ಕೊಂಡೆ ಕಣ್ರೀ. ಗಂಡುಹಕ್ಕಿ ಅಳಿಯ, ಹೆಣ್ಣುಹಕ್ಕಿ ಮಗಳು. ಹನ್ನೆರಡು ಪುಟ ಹಾಗೇ ಓದಿದೆ, ಪೆನ್ಸಿಲ್‌ನಲ್ಲಿ ಗುರುತು ಬೇರೆ ಹಾಕ್ಕೊಂಡು. ಅಳಿಯ ಮೊಟ್ಟೆಗೆ ಕಾವು ಕೊಡೋಕೆ ಕೂತಾಗ ಅನುಮಾನ ಬಂತು.”

ನಗಬೇಕೋ ಬೇಡವೋ ತಿಳಿಯದೆ ಬೈಂಡರಪ್ಪ ಚಾಕು ಕೆಳಗಿಟ್ಟ.

“ಅಲ್ಲಿಗೇ ಮುಚ್ಚಿಡಬಹುದಿತ್ತು, ಆಗಲಿಲ್ಲ. ಒಂದು ಹಕ್ಕಿ ಇದೆಯಂತೆ. ಸಮುದ್ರ ದಾಟೋ ಮುಂಚೆ ತನ್ನ ಕರುಳನ್ನೇ ಸಣ್ಣದು ಮಾಡ್ಕೊಳ್ಳುತ್ತಂತೆ, ಭಾರ ಕಡಿಮೆ ಆಗಲಿ ಅಂತ. ಆಚೆ ದಡ ಸೇರಿದ ಮೇಲೆ ಮತ್ತೆ ಬೆಳೆಸ್ಕೊಳ್ಳುತ್ತಂತೆ. ಮೂವತ್ತನಾಲ್ಕು ವರ್ಷ ಜನರ ಹೊಟ್ಟೆ ಕರುಳು ನೋಡಿದವಳು ನಾನು. ಯಾರೂ ನನಗೆ ಇದನ್ನ ಹೇಳಲಿಲ್ಲ.” ಅವರ ದನಿ ತಗ್ಗಿತು. “ನಾನೂ ಕೇಳಲಿಲ್ಲ ಅನ್ನಿ. ದಿನಾ ಸಾವು ನೋಡಿ ಬಂದು ಮನೇಲೂ ಸಾವಿನ ಕಥೇನೇ ಓದಿದೆ. ಕಥೇಲಾದ್ರೆ ಅದಕ್ಕೆ ಕಾರಣ ಆದೋನು ಒಬ್ಬ ಸಿಕ್ಕಿಬೀಳ್ತಾನಲ್ಲ.”

ಆ ಪುಟವನ್ನು ಕೈಯಾರೆ ಹೊಲಿದಿದ್ದರೂ ಅದರಲ್ಲಿ ಒಂದು ಸಮುದ್ರವಿದೆಯೆಂದು ಬೈಂಡರಪ್ಪನಿಗೆ ಗೊತ್ತಿರಲಿಲ್ಲ. ತಾನು ಇಷ್ಟು ವರ್ಷ ಏನೇನು ಹೊಲಿದೆನೋ ಎಂದು ಅವನಿಗೆ ಮೊದಲ ಸಲ ಸಂಕಟವಾಯಿತು.

“ಹಕ್ಕಿ ಪುಸ್ತಕದ ಮೊದಲರ್ಧ ಬೇಕು ನನಗೆ. ಎಲ್ಲಿದೆ?”

“ವಿಜ್ಞಾನದ ಮೇಷ್ಟ್ರ ಹತ್ರ. ಕಥೆ ಪುಸ್ತಕ ಓದೋರು ಸೋಮಾರಿಗಳು ಅಂತಾರಲ್ಲ, ಅವರೇ. ಇವತ್ತು ಬೆಳಗ್ಗೆ ಕೌಂಟರಲ್ಲಿ ಮೂರನೇ ಸಲ ವಾಯಿದೆ ಮುಂದಕ್ಕೆ ಹಾಕಿಸ್ಕೊಂಡು ಹೋದ್ರು. ಒಂದು ಹಕ್ಕಿ ಪುಸ್ತಕಕ್ಕೆ ಇಷ್ಟು ದಿನ ಯಾಕಪ್ಪಾ ಅಂದ್ಕೊಂಡೆ.”

ಸಿಸ್ಟರಮ್ಮ ಭುಜ ಕುಲುಕುವಂತೆ ನಕ್ಕರು. “ಪಾಪ, ಕೊಂದೋರು ಯಾರು ಅಂತ ಗೊತ್ತಾಗಿದೆ, ಸತ್ತೋರು ಯಾರು ಅಂತ ಗೊತ್ತಾಗಿಲ್ಲ. ವಿಳಾಸ ಬರೆದುಕೊಡಿ, ನಾನೇ ಹೋಗ್ತೀನಿ.”

ಬೈಂಡರಪ್ಪ ಕಾಗದದ ಚೂರನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಬರೆಯತೊಡಗಿದ. ಎರಡು ಸಾಲು ಬರೆಯುವಷ್ಟರಲ್ಲಿ ಸಿಸ್ಟರಮ್ಮ ಎದ್ದು ಬಂದು, ಅವನ ಗಲ್ಲ ಹಿಡಿದು ಕಿಟಕಿಯ ಕಡೆ ತಿರುಗಿಸಿ, ಹೆಬ್ಬೆರಳಿಂದ ರೆಪ್ಪೆ ಎಳೆದು ನೋಡಿದರು.

“ಎರಡಕ್ಕೂ ಪೊರೆ. ಎಷ್ಟು ದಿನದಿಂದ?”

“ಎರಡು ವರ್ಷ ಆಯ್ತು. ಗೊತ್ತಾದ್ರೆ ಕೆಲಸ ಹೋಗುತ್ತೆ ಅಂತ ಸುಮ್ಮನಿದ್ದೆ.”

“ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಅರ್ಧ ಗಂಟೆ ಆಪರೇಷನ್ ಅದು. ಸೋಮವಾರ ನಾನೇ ಕರ್ಕೊಂಡು ಹೋಗ್ತೀನಿ. ರಜಾ ಕೊಡಿ ಅಂತ ಮೇಡಂಗೂ ನಾನೇ ಹೇಳ್ತೀನಿ, ಅವರು ಇಲ್ಲ ಅನ್ನಲಿ ನೋಡೋಣ.”

ಬೈಂಡರಪ್ಪ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. “ಆಮೇಲೆ ಒಂದು ತಪ್ಪೂ ಆಗೋದಿಲ್ಲ ಸಿಸ್ಟರಮ್ಮ. ನಿಮ್ಮಾಣೆ.”

ಸಿಸ್ಟರಮ್ಮ ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಕಂತೆಗಳನ್ನು ಒಂದು ಕ್ಷಣ ದಿಟ್ಟಿಸಿದರು.

“ಹಾಗಾದ್ರೆ ಸೋಮವಾರದೊಳಗೆ ನನಗೆ ಇಂಥವೇ ಇನ್ನೆರಡು ಹೊಲಿದಿಡಿ,” ಅಂದರು.