ಹಗಲು ಹೊತ್ತಿನ ಚಿಲಕ

ಮೂರು ದಿನದ ಜ್ವರ ಇಳಿದು, ಅಷ್ಟೂ ದಿನ ಹಾಕಿಯೇ ಇದ್ದ ಭಾಂಡುಪ್‌ನ ನನ್ನ ಫ್ಲ್ಯಾಟಿನ ಚಿಲಕವನ್ನು ಇವತ್ತು ತೆಗೆದಾಗ ಬೆರಳಿಗೆ ಹತ್ತಿದ ಕಬ್ಬಿಣದ ವಾಸನೆ ನನ್ನನ್ನು ಕುರ್ಲಾದ ಚಾಳಿನ ನಮ್ಮ ಹಳೆಯ ಒಂದು ಕೋಣೆಯ ಮನೆಗೆ ಎಳೆದುಕೊಂಡು ಹೋಯಿತು.

ಆಗ ನನಗೆ ಏಳು ವರ್ಷ. ವಿಜಯಪುರದ ಕಡೆಯಿಂದ ಸೋದರತ್ತೆ ಬಂದಿದ್ದಳು. ಅವ್ವ ಕೆಲಸಕ್ಕೆ ಹೋದ ಮೇಲೆ, "ಈ ಮುಂಬೈದಾಗ ಯಾರಿಗೆ ಯಾರೂ ಇಲ್ಲ," ಎನ್ನುತ್ತ ಚಿಲಕ ಹಾಕಿ ನನ್ನನ್ನು ಪಕ್ಕದಲ್ಲಿ ಮಲಗಿಸಿಕೊಂಡಳು. ನಮ್ಮ ಚಾಳಿನಲ್ಲಿ ಹಗಲು ಹೊತ್ತು ಯಾರೂ ಬಾಗಿಲು ಹಾಕುತ್ತಿರಲಿಲ್ಲ.

ಕಣ್ಣು ಹತ್ತುವಷ್ಟರಲ್ಲಿ ಬಾಗಿಲು ಬಡಿದರು. ತೆಗೆದರೆ ಮನೆಗಳ ಮುಂದಿನ ಉದ್ದ ಗ್ಯಾಲರಿ ತುಂಬ ಜನ. ಮುಂದೆ, ಕೊರಳಲ್ಲಿ ಟೇಪು ಇಳಿಬಿಟ್ಟುಕೊಂಡ ಪಕ್ಕದ ಮನೆಯ ದರ್ಜಿ ಚಾಚಾ, ನಮ್ಮ ಕಡೆಯವನೇ.

"ಏನಾತ್ರಿ ಅಕ್ಕಾರ?"

"ಏನಿಲ್ರಿ, ಮಲಗಿದ್ವಿ."

"ಮಲಗಾಕ ಬಾಗಲಾ ಯಾಕ ಹಾಕಬೇಕ್ರಿ?"

ಎದುರು ಮನೆಯ ಮರಾಠಿ ಮಾವಶಿ ಹಿಟ್ಟು ಹತ್ತಿದ ಕೈಯಲ್ಲೇ ನನ್ನ ಹಣೆ ಮುಟ್ಟಿ ನೋಡಿ ಹೋದಳು.

ಎಲ್ಲರೂ ಹೋದ ಮೇಲೆ ಅತ್ತೆ ಬಾಗಿಲು ತೆರೆದೇ ಇಟ್ಟು, ಗೋಡೆಗೆ ಒರಗಿ ಕುಳಿತು, ಸೆರಗಿನಿಂದ ನನ್ನ ಹಣೆಗೆ ಹತ್ತಿದ ಹಿಟ್ಟು ಒರೆಸತೊಡಗಿದಳು.

"ಹ್ವಾದ ವರ್ಷ ಊರಾಗ ನಾಕ ದಿನಾ ಜ್ವರಾ ಬಂದು ಬಾಗಲಾ ಹಾಕ್ಕೊಂಡು ಬಿದ್ದಿದ್ದೆ," ಎಂದಳು.

"ಯಾರ್ಯಾರು ಬಂದಿದ್ರು ಅತ್ತಿ?"

ಹಿಟ್ಟು ಹೋದ ಮೇಲೂ ಅವಳು ನನ್ನ ಹಣೆ ಒರೆಸುತ್ತಲೇ ಇದ್ದಳು.