ಗೋಡೆಗೆ ಹೇಳಿದ ಹೆಸರು

ಆ ಊರಿನಲ್ಲಿ ದೂರದ ಸುದ್ದಿಯೆಲ್ಲ ಗೋಡೆಯಿಂದ ಗೋಡೆಗೆ ದಾಟಿಯೇ ಬರಬೇಕಿತ್ತು. ಅದಕ್ಕೆ ಅಕ್ಕಪಕ್ಕದ ಮನೆಗಳ ಒಡೆಯರು ದಿನವೂ ನಡುಗೋಡೆಗೆ ಒಬ್ಬರ ಹೆಸರನ್ನೊಬ್ಬರು ಹೇಳಬೇಕು. ಒಬ್ಬರು ತಪ್ಪಿಸಿದರೂ ಗೋಡೆ ಮೂಕವಾಗುತ್ತಿತ್ತು.

ಗುರುಬಸಮ್ಮನ ಗೋಡೆ ಮೂಕವಾದದ್ದು ಪಕ್ಕದ ಮನೆಗೆ ಹೊಸ ಟೈಲರ್ ಬಂದಮೇಲೆ. ಅವನ ಹೆಸರು ಮೃತ್ಯುಂಜಯ. ಅವಳ ಗಂಡನ ಹೆಸರೂ ಅದೇ. ಮದುವೆಯಾದಾಗಿನಿಂದ ಅವಳು ಆ ಹೆಸರನ್ನು ಬಾಯಿಗೆ ತಂದವಳಲ್ಲ. ಮನೆಯೋ ಅವಳ ತವರಿನದು. ಗೋಡೆಗೆ ಅವಳ ದನಿಯೇ ಆಗಬೇಕು.

"ಅಮ್ಮಾ, ನಿಮ್ಮ ಹೆಸರು ನಾನು ಬೆಳಿಗ್ಗೇನೇ ಹೇಳಿದೀನಿ," ಟೈಲರ್ ಕಿಟಕಿಯಿಂದ ಕೂಗಿದ. "ನಿಮ್ಮ ಮಗಳ ಊರಿನ ಸುದ್ದಿ ನಮ್ಮನೇಲಿ ಬಂದು ನಿಂತಿದೆ. ಆದ್ರೆ ನಿಮಗೆ ಬಂದಿದ್ದು ಏನಂತ ನನಗೆ ಕೇಳಿಸೋದಿಲ್ಲ."

ಮಗಳು ತುಂಬು ಬಸುರಿ. ಗುರುಬಸಮ್ಮ ಸೆರಗು ಬಿಗಿದು, ಕಣ್ಣು ಮುಚ್ಚಿ, ಗೋಡೆಗೆ ಹಣೆ ಹಚ್ಚಿದಳು.

"ಮೃತ್ಯುಂಜಯ!"

"ಏನೇ?" ಗಂಡ ಪಡಸಾಲೆಯಿಂದ ಓಡಿಬಂದ.

ಅಷ್ಟರಲ್ಲಿ ಗೋಡೆಯೊಳಗಿಂದ ಕೂಸೊಂದು ಕಿರುಚಿತು. ಹಿಂದೆಯೇ ಮಗಳ ನಗು: "ಅವ್ವಾ, ಹೆಣ್ಣು! ನಿನ್ನದೇ ಮೂಗು."

ಮಾರನೆಯ ಸಂಜೆ ಗಂಡ ತಲೆ ಬಾಚಿಕೊಂಡು ಗೋಡೆಯ ಪಕ್ಕ ಕುರ್ಚಿ ಹಾಕಿ ಕೂತಿದ್ದ.

"ನಾನು ಹೇಳೋದು ಟೈಲರಿಗೆ, ನಿಮಗಲ್ಲ," ಎಂದಳು ಗುರುಬಸಮ್ಮ.

"ಗೊತ್ತು ಕಣೇ. ಸ್ವಲ್ಪ ಗಟ್ಟಿಯಾಗಿ ಹೇಳು."