ಏರಿನಲ್ಲಿ ನಿಲ್ಲುವ ಎಂಜಿನ್

ಎರಡನೆಯ ಜಡೆಗೆ ರಿಬ್ಬನ್ ಕಟ್ಟುವಷ್ಟರಲ್ಲಿ ಎಂಜಿನ್ನು ಏರಿನ ನಡುವೆ ಮುಕ್ಕರಿಯತೊಡಗಿತು. ಚಕ್ರಗಳು ನಿಂತಲ್ಲೇ ಗರಗರ ತಿರುಗುವ ಸದ್ದು. ನಂಜಮ್ಮ ಮಗಳ ಬೆನ್ನು ತಟ್ಟಿದಳು.

"ಹೋಗು. ಬಾಗ್ಲಲ್ಲಿ ನಿಂತ್ಕಬೇಡ, ಒಳಿಕ್ಕೋಗಿ ಕೂತ್ಕ."

ಪುಷ್ಪಾ ಓಡಲಿಲ್ಲ. ರೈಲು ಹೇಗೂ ನಿಂತೇಬಿಟ್ಟಿತ್ತು. ಬೇಲಿ ದಾಟಿ, ಊರಿನ ಇನ್ನೈದು ಹುಡುಗಿಯರ ಜೊತೆ ಕೊನೆಯ ಡಬ್ಬಿ ಹತ್ತಿದಳು. ಅಲ್ಲಿ ಸ್ಟೇಷನ್ನೂ ಇಲ್ಲ, ಹೆಸರಿನ ಹಲಗೆಯೂ ಇಲ್ಲ. ಸಕಲೇಶಪುರದಿಂದ ಹಾಸನಕ್ಕೆ ಹೋಗುವ ಬೆಳಗಿನ ಪ್ಯಾಸೆಂಜರ್ ಆಲೂರಿಗೆ ಮುಂಚಿನ ಈ ಏರಿನಲ್ಲಿ ಉಸಿರುಕಟ್ಟಿ ನಿಲ್ಲುತ್ತದೆ. ಅದರ ದೆಸೆಯಿಂದ ಆರು ಹುಡುಗಿಯರು ಕಾಲೇಜು ಕಾಣುತ್ತಿದ್ದರು. ಬೆಳಗೋಡಿನ ಬಸ್ಸು ಹಾಸನ ಮುಟ್ಟುವ ಹೊತ್ತಿಗೆ ಎರಡು ಪಾಠ ಮುಗಿದಿರುತ್ತವೆ.

"ರೈಲು ತಪ್ಪಿದ್ ದಿನ ಕಾಲೇಜು ಮುಗೀತು. ಹಾನುಬಾಳಿನೋರಿಗೆ ಮಾತು ಕೊಟ್ಬುಡ್ತೀನಿ," ಎಂದು ಗಂಡ ಲಕ್ಕಪ್ಪ ಹೇಳಿಯಾಗಿತ್ತು. ಹಾನುಬಾಳಿನಲ್ಲಿ ಗಂಡು ಸಿದ್ಧವಿತ್ತು. ನಂಜಮ್ಮ ಹದಿನಾರಕ್ಕೇ ಮದುವೆಯಾಗಿ ಈ ಹಳಿಯ ಪಕ್ಕ ಬಂದವಳು.

ರೈಲು ಹೀಗೆ ನಿಲ್ಲುವುದಕ್ಕೆ ಮೊದಲು ಬೈಸಿಕೊಂಡದ್ದು ಅರವತ್ತೆಂಟನೇ ಇಸವಿಯ ಮುದಿ ಡೀಸೆಲ್ ಎಂಜಿನ್. ಇಪ್ಪತ್ತೈದು ವರ್ಷ ದುಡಿದದ್ದು, ಸೋತಿದೆ ಎಂದು ಕಾರ್ಖಾನೆಗೆ ಕಳಿಸಿ ಬೇರೊಂದನ್ನು ತಂದರು. ಅದೂ ಅಲ್ಲೇ ನಿಂತಿತು. ಅಷ್ಟರಲ್ಲಿ ಮುದಿಯ ಹೊಟ್ಟೆ ಬಗೆದು, ಹೊಸ ಮೋಟಾರು, ಹೊಸ ಚಕ್ರ, ಹೊಸ ಬಣ್ಣ ಕೊಟ್ಟು ವಾಪಸು ಕಳಿಸಿದರು. ಅದು ಬಂದು ಹತ್ತು ದಿನ. ನಂಜಮ್ಮನಿಗೆ ಅದನ್ನು ಕಂಡರೆ ಪಾಪ ಅನಿಸುತ್ತಿತ್ತು.

ಇವತ್ತು ಎಂಜಿನ್ನಿನಲ್ಲೇ ಕೂತು ಬಂದ ಸಾಹೇಬರು ಕೆಳಗಿಳಿದರು. ನಂಜಮ್ಮ ಕಾಫಿ ತಂದಳು.

"ಏನ್ರೀ ದ್ಯಾವಯ್ಯ, ಚಕ್ರಾನೂ ಹೊಸದು ಹಾಕ್ಕೊಟ್ಟಿದ್ದೀವಿ. ಇನ್ನು ರೆಕ್ಕೆ ಕಟ್ಟಬೇಕಾ?"

ಡ್ರೈವರ್ ದ್ಯಾವಯ್ಯ ತಲೆ ಕೆರೆದುಕೊಂಡ. "ಹಳಿ ಮೇಲೆ ಮರಳೂ ಬುಟ್ಟೆ ಸಾರ್, ಆದ್ರೂ ಜಾರುತ್ತೆ. ಭಾನ್ವಾರ ಮಾತ್ರ ಹೂ ಎತ್ತಿದಂಗೆ ಹತ್ತುತ್ತೆ. ದಸರಾದಾಗ ಹದಿನೈದು ದಿನಾನೂ ಹತ್ತುತ್ತಿತ್ತು."

"ಭಾನುವಾರ ಜನ ಕಮ್ಮಿ, ಭಾರ ಕಮ್ಮಿ." ಸಾಹೇಬರು ಬರೆದುಕೊಂಡರು.

"ಭಾನ್ವಾರ ಮದ್ವೆ ಜನ ಸಾರ್, ಕಾಲಿಡಕ್ಕೆ ಜಾಗ ಇರಲ್ಲ."

ಅದನ್ನು ಬರೆದುಕೊಳ್ಳಲಿಲ್ಲ.

ಗ್ಯಾಂಗ್‌ಮನ್ ಲಕ್ಕಪ್ಪ ಆಗಷ್ಟೇ ತನ್ನ ಸುತ್ತು ಮುಗಿಸಿ ಬಂದಿದ್ದ. "ಆರು ಗಂಟೇಲೇ ಹಳಿ ನೋಡ್ಕಂಡೋದೆ ಸಾರ್, ಸರ್ಯಾಗೇ ಐತೆ. ಬೇಕಾದ್ರೆ ನೀವೂ ಒಂದ್ಸಲ ನೋಡ್ಬುಡಿ."

"ಹಳಿ ನಮ್ಮ ಇಲಾಖೆಗೆ ಬರಲ್ಲಪ್ಪ. ನಮ್ಮದು ಎಂಜಿನ್."

"ಸಕ್ಕರೆ ಸಾಕಾ ಸಾರ್?" ನಂಜಮ್ಮ ಕೇಳಿದಳು.

"ಸಾಕಮ್ಮ. ಚೆನ್ನಾಗಿದೆ."

"ಹಂಗಾರೆ ಇನ್ಮೇಲೆ ಇದು ಇಲ್ಲಿ ನಿಲ್ಲಕ್ಕಿಲ್ವಾ?"

"ನಿಲ್ಲೋ ಮಾತೇ ಇಲ್ಲ. ನಾಳೆಯಿಂದ ಎರಡು ಎಂಜಿನ್ ಜೋಡಿಸ್ತೀವಿ. ಏರು ಬಂದದ್ದೇ ಗೊತ್ತಾಗಲ್ಲ ನೋಡು."

ದ್ಯಾವಯ್ಯ ರೈಲನ್ನು ಫರ್ಲಾಂಗು ಹಿಂದಕ್ಕೆ ತೆಗೆದು, ಜೋರಾಗಿ ನುಗ್ಗಿಸಿ, ಹೇಗೋ ಏರು ಹತ್ತಿಸಿಕೊಂಡು ಹೋದ. ಕೊನೆಯ ಡಬ್ಬಿಯ ಕಿಟಕಿಯಿಂದ ಒಂದು ಕೈ ಬೀಸಿತು.

"ಮುಗೀತಲ್ಲ ಬುಡೇ," ಲಕ್ಕಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ನಾಳೆ ಸಂಜಿಕೆ ಹಾನುಬಾಳಿಗೆ ಹೋಗ್ಬತ್ತೀನಿ."

"ನೋಡಾನ," ಎಂದಳು ನಂಜಮ್ಮ. ಲೋಟಗಳನ್ನು ತೊಳೆದು ಬೋರಲು ಹಾಕಿದಳು.

ಒಂದು ಎಂಜಿನ್ನಿಗೆ ಒಂದು ಬಕೆಟ್ಟು ಲೋಳೆ ಸಾಕಾಗುತ್ತಿತ್ತು, ಜೋಡಿಗೆ ಎರಡಾದರೂ ಬೇಕು. ನಾಳೆ ದಾಸವಾಳದ ಸೊಪ್ಪನ್ನು ಬೇಗನೆ ಅರೆದಿಟ್ಟು, ಗಂಡ ಹಳಿ ನೋಡಿಕೊಂಡು ಅತ್ತ ಹೋದ ಮೇಲೆ, ಏರಿನ ಬುಡದಿಂದಲೇ ಹಳಿಗೆ ಬಳಿದುಕೊಂಡು ಬರಬೇಕು, ಅಂದುಕೊಂಡಳು.